ಮರಳುಗುಡ್ಡದ ರಾಕ್ಷಸನಾದ ಚಿಕ್ಕಮಾದು

ಕನ್ನಂಬಾಡಿಯಲ್ಲಿ ಕಟ್ಟೆ ಇನ್ನೂ ಏಳುತ್ತಿದ್ದ ಕಾಲ. ತಿರುಮಕೂಡಲು ನರಸೀಪುರದ ಹೊಳೆದಂಡೆಯಲ್ಲಿ ಚಿಕ್ಕಮಾದು ಎಂಬವನು ಹರಿಗೋಲು ನಡೆಸುತ್ತಿದ್ದ. ಹೆಸರಿನಲ್ಲಿ ಮಾತ್ರ ಚಿಕ್ಕವನು. ಯಾರ ಮನೆಗೆ ಹೋದರೂ ಬಗ್ಗಿಯೇ ಒಳಗೆ ಹೋಗಬೇಕಾದಂಥ ಆಳು. ಮೀಸೆ ಕಿವಿಯ ತನಕ ಹಬ್ಬಿತ್ತು. ಎರಡು ಹುಬ್ಬುಗಳೂ ಕೂಡಿಕೊಂಡು ಒಂದೇ ಆಗಿದ್ದವು. ಚಿಕ್ಕವನಿದ್ದಾಗ ಹೋರಿ ಹಾಯ್ದು ಮೂಗು ಒಂದು ಕಡೆಗೆ ವಾಲಿತ್ತು. ಇಷ್ಟೆಲ್ಲ ಇದ್ದರೂ ಅವನನ್ನು ಕಂಡು ಹೆದರಿದವರು ಊರಿನಲ್ಲಿರಲಿಲ್ಲ. ದಿನಾ ನೋಡುವ ಮುಖಕ್ಕೆ ಯಾರು ತಾನೆ ಹೆದರುತ್ತಾರೆ? ಬೆಳಿಗ್ಗೆ ಆಚೆ ದಡದ ಮಕ್ಕಳನ್ನು ಪಾಠಶಾಲೆಗೆ ದಾಟಿಸುತ್ತಿದ್ದ, ಸಂಜೆ ಮರಳಿ ಬಿಡುತ್ತಿದ್ದ. ನಡುವೆ ಸಂತೆಗೆ ಹೋಗುವವರು, ಸಂಗಮಕ್ಕೆ ಸ್ನಾನಕ್ಕೆ ಬಂದವರು, ಕೋಳಿ ಕುರಿ. ಮಾತು ಕಡಿಮೆ. ಅವನು ಜೋರಾಗಿ ಆಡುತ್ತಿದ್ದುದು ಒಂದೇ ಮಾತು. ಹರಿಗೋಲು ಬಿಡುವ ಮೊದಲು ದಂಡೆಯಲ್ಲಿ ನಿಂತು, ಬಾಯಿ ಅಗಲ ತೆರೆದು, "ಅರಿಗೋಲು ಓಯ್ತದೆ, ಬರೋರು ಬನ್ನಿ" ಎಂದು ಕೂಗುತ್ತಿದ್ದ. ಆ ಕೂಗು ಸಂಗಮದ ಆಚೆಗೂ ಕೇಳುತ್ತಿತ್ತು.

ಅವನು ದಾಟಿಸುತ್ತಿದ್ದ ಮಕ್ಕಳ ಪಾಠಶಾಲೆಗೆ ದೊಡ್ಡಸಿದ್ದಯ್ಯನವರು ಹೆಡ್‌ಮಾಸ್ಟರು. ಅವರು ವಯಸ್ಸಿನಲ್ಲಿದ್ದಾಗ 'ಮರಳುಗುಡ್ಡದ ರಾಕ್ಷಸ' ಎಂಬ ಮಕ್ಕಳ ಪುಸ್ತಕ ಬರೆದಿದ್ದರು. ಆ ಸೀಮೆಯಲ್ಲಿ ಅಕ್ಷರ ಕಲಿತ ಪ್ರತಿಯೊಬ್ಬರೂ ಅದನ್ನು ಓದಿದವರೇ. ತಂದೆ ಓದಿದ ಪ್ರತಿಯನ್ನೇ ರಟ್ಟು ಹಾಕಿಸಿ ಮಗ ಓದುತ್ತಿದ್ದ. ಕಥೆ ದೊಡ್ಡದೇನಲ್ಲ. ಮರಳುಗುಡ್ಡದ ಮೇಲೆ ಒಬ್ಬ ರಾಕ್ಷಸ, ಹಗಲೆಲ್ಲ ಅಬ್ಬರಿಸುತ್ತಾನೆ, ಊರೆಲ್ಲ ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಕಳೆದುಹೋದ ಆಡನ್ನು ಹುಡುಕಿಕೊಂಡು ಗುಡ್ಡ ಹತ್ತಿದ ಒಬ್ಬ ಪುಟ್ಟ ಹುಡುಗಿಗೆ, ರಾಕ್ಷಸ ಅಬ್ಬರಿಸುತ್ತಿರುವುದು ಕಣ್ಣಿಗೆ ಮರಳು ಬಿದ್ದು ಎಂದು ತಿಳಿಯುತ್ತದೆ. ಅವಳು ಸೆರಗಿನ ತುದಿಯನ್ನು ಬಾಯಲ್ಲಿ ಬೆಚ್ಚಗೆ ಮಾಡಿ ಒತ್ತಿ, ಊದಿ, ಮರಳು ತೆಗೆಯುತ್ತಾಳೆ. ಅಂದಿನಿಂದ ರಾಕ್ಷಸ ಊರಿನ ಹೂತುಹೋದ ಬಾವಿಯನ್ನು ತೋಡಿಕೊಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತ ಇದ್ದುಬಿಡುತ್ತಾನೆ.

ಈ ಕಥೆಯನ್ನು ಬಯಾಸ್ಕೋಪು ಮಾಡಬೇಕೆಂದು ಹೊಳೆದದ್ದು ನಂಜನಗೂಡಿನ ಜವಳಿ ವ್ಯಾಪಾರಿ ಬಸವಯ್ಯನವರಿಗೆ. ಊರಾಚೆ ಬಯಲಿನಲ್ಲಿ ಅವರದೊಂದು ಡೇರೆ ಇತ್ತು. ಅದರಲ್ಲಿ ಬೊಂಬಾಯಿಯಿಂದ ತರಿಸಿದ ಮೂಕ ಚಿತ್ರಗಳನ್ನು ತೋರಿಸುತ್ತಿದ್ದರು. ನೋಡಲು ಬರುವವರೆಲ್ಲ ಗಂಡಸರು. ಬೀಡಿ ಸೇದಿ, ಸಿಳ್ಳೆ ಹಾಕಿ, ಬೆಂಚು ಮುರಿದು ಹೋಗುತ್ತಿದ್ದರು. ಹೆಂಡತಿ ಮಕ್ಕಳ ಸಮೇತ ಬರುವ ಸಂಸಾರಸ್ಥರು ಬಂದರೆ ಬೆಂಚು ಉಳಿದೀತು ಎಂದು ಬಸವಯ್ಯನವರ ಎಣಿಕೆ. ಬೊಂಬಾಯಿಯ ಒಂದು ಕಂಪನಿಯ ಜೊತೆ ಪಾಲು ಮಾಡಿಕೊಂಡು, ಯಂತ್ರವನ್ನೂ ಜನರನ್ನೂ ಕರೆಸಿಯೇಬಿಟ್ಟರು.

ಕಥೆಯನ್ನು ಚಿತ್ರಕ್ಕೆ ಇಳಿಸಲು ಕುಳಿತಾಗ ಬಸವಯ್ಯನವರು ಪ್ರತಿಯೊಂದಕ್ಕೂ "ಸಂಸಾರಸ್ಥರು ಏನಂತಾರೆ?" ಎಂದು ಕೇಳಿದರಂತೆ. ರಾಕ್ಷಸ ಒಳ್ಳೆಯವನಾದರೆ ಸಂಸಾರಸ್ಥರು ಒಪ್ಪುತ್ತಾರೆಯೆ? ಒಪ್ಪುವುದಿಲ್ಲ, ಅವನು ಸಾಯಬೇಕು. ಸಾಯಿಸಲು ಒಬ್ಬ ರಾಜಕುಮಾರ ಬೇಕಾಯಿತು. ರಾಜಕುಮಾರ ಬಂದ ಮೇಲೆ ಮದುವೆಯಿಲ್ಲದೆ ಆಗುತ್ತದೆಯೆ? ಹಾಗಾಗಿ ಪುಟ್ಟ ಹುಡುಗಿ ಪ್ರಾಯದ ಹೆಣ್ಣಾದಳು. ಕಣ್ಣಿಗೆ ಮರಳು ಬಿದ್ದ ಪ್ರಸಂಗವನ್ನು ತೆರೆಯ ಮೇಲೆ ತೋರಿಸಲಾಗದೆಂದು ಬಿಟ್ಟರು. ಆಡನ್ನು ಮಾತ್ರ ಉಳಿಸಿಕೊಂಡರು, ಮಕ್ಕಳ ಚಿತ್ರವಲ್ಲವೆ ಎಂದು. ಬಸವಯ್ಯನವರ ಮನೆಯಲ್ಲೂ ತಾಯಿ, ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಇದ್ದರು. ಅವರು ಏನನ್ನುತ್ತಿದ್ದರೋ ಗೊತ್ತಿಲ್ಲ, ಅವರನ್ನು ಯಾರೂ ಕೇಳಲಿಲ್ಲ.

ಮರಳುಗುಡ್ಡ ಬೇಕೆಂದರೆ ತಲಕಾಡು ಇದ್ದೇ ಇತ್ತು. ಕಂಪನಿಯ ಪೆಟ್ಟಿಗೆಗಳನ್ನೂ ಜನರನ್ನೂ ಕಾವೇರಿ ದಾಟಿಸಲು ಚಿಕ್ಕಮಾದುವನ್ನು ಗೊತ್ತುಮಾಡಿದರು. ರಾಕ್ಷಸನ ಪಾತ್ರಕ್ಕೆ ಬೊಂಬಾಯಿಯಿಂದ ಒಬ್ಬ ಪೈಲ್ವಾನ ಬಂದಿದ್ದ. ಅವನು ಬರಿಗಾಲಲ್ಲಿ ಮಧ್ಯಾಹ್ನದ ಮರಳಿನ ಮೇಲೆ ಹೆಜ್ಜೆಯಿಟ್ಟ, ಬೊಬ್ಬೆ ಇಟ್ಟ, ಓಡಿಬಂದು ಹರಿಗೋಲಿನಲ್ಲಿ ಕೂತ. ಯಾರು ಎಷ್ಟು ಕರೆದರೂ ಮತ್ತೆ ಇಳಿಯಲಿಲ್ಲ. ಕಂಪನಿಯ ಯಜಮಾನ ತಲೆಯ ಮೇಲೆ ಕೈ ಹೊತ್ತು ಕುಳಿತವನು ಕತ್ತೆತ್ತಿ ನೋಡಿದಾಗ, ಎದುರಿಗೆ ಹುಟ್ಟು ಹಿಡಿದು ಚಿಕ್ಕಮಾದು ನಿಂತಿದ್ದ.

ಮಾದುವಿಗೆ ಕಥೆ ಗೊತ್ತಿರಲಿಲ್ಲ. ಓದು ಬಾರದವನು. ಮಕ್ಕಳು ಹರಿಗೋಲಿನಲ್ಲಿ ಗಟ್ಟಿಯಾಗಿ ಓದುತ್ತಿದ್ದುದು ಮಗ್ಗಿಯನ್ನು ಮಾತ್ರ. ಅವನಿಗೆ ಕೋರೆಹಲ್ಲು ಕಟ್ಟಿ, ಮೈಗೆ ಮಸಿ ಬಳಿದು, ಅಬ್ಬರಿಸು ಎಂದರು. ಅವನಿಗೆ ಅಬ್ಬರಿಸಲು ಬರಲಿಲ್ಲ. ಸಂಕೋಚದಿಂದ ಒಮ್ಮೆ ಕೆಮ್ಮಿದ. ಯಜಮಾನ ದುಭಾಷಿಯ ಮೂಲಕ, ದೂರದವರನ್ನು ಹೇಗೆ ಕರೆಯುತ್ತೀಯೋ ಹಾಗೆ ಕರೆ, ಬಾಯಿ ತೆರೆದರೆ ಸಾಕು, ಯಂತ್ರಕ್ಕೆ ಕಿವಿಯಿಲ್ಲ ಎಂದು ಹೇಳಿಸಿದ. ಮಾದು ಗುಡ್ಡದ ತುದಿಯಲ್ಲಿ ನಿಂತು ಕೈಯೆತ್ತಿ ಅರಿಗೋಲು ಓಯ್ತದೆ, ಬರೋರು ಬನ್ನಿ ಎಂದು ಕೂಗಿದ. ಯಜಮಾನ ಸಂತೋಷದಿಂದ ಅವನನ್ನು ತಬ್ಬಿಕೊಂಡು ಮಸಿ ಮಾಡಿಕೊಂಡ. ಕೊನೆಗೆ ರಾಜಕುಮಾರ ಹೊಳೆಯುವ ಬೇಗಡೆ ಸುತ್ತಿದ ಬಿದಿರಿನ ಕತ್ತಿಯಿಂದ ಅವನ ಕಂಕುಳಿಗೆ ತಿವಿದ. ಬಿದ್ದುಕೋ ಎಂದರು, ಬಿದ್ದುಕೊಂಡ. ಸುಮ್ಮನಿರು ಎಂದರು, ಹಾಗೇ ನಿದ್ದೆ ಹೋದ. ಇದಕ್ಕೆ ಅವನಿಗೆ ಒಂದು ಪಂಚೆ ಕೊಟ್ಟರು, ಜೊತೆಗೆ ಬಹಳ ಹೊಗಳಿದರು.

ಚಿತ್ರ ಮೊದಲು ನಂಜನಗೂಡಿನ ಡೇರೆಗೆ ಬಂತು. ಸಂಸಾರಸ್ಥರು ಗಾಡಿ ಕಟ್ಟಿಕೊಂಡು ಬಂದರು. ತೆರೆಯ ಪಕ್ಕದಲ್ಲಿ ಬಸವಯ್ಯನವರ ಗುಮಾಸ್ತ ನಿಂತು, ಬರಹ ಬಂದಾಗಲೆಲ್ಲ ಓದಿ ಹೇಳುತ್ತಿದ್ದ. ರಾಕ್ಷಸ ಬಾಯಿ ತೆರೆದಾಗ "ನರಮಾಂಸ ತನ್ನಿ" ಎಂದು ತಾನೇ ಸೇರಿಸಿ ಕೂಗುತ್ತಿದ್ದ. ಅಂದು ನೋಡಲು ಹೋಗಿದ್ದವರಲ್ಲಿ ಹೆಮ್ಮರಗಾಲದ ಶಿವನಂಜಮ್ಮನೂ ಇದ್ದಳು. ಅವಳು ಚಿಕ್ಕಮಾದುವಿನ ಅತ್ತೆ, ಹೆಂಡತಿ ಚಿನ್ನಮ್ಮನ ತಾಯಿ. ಅಳಿಯ ಇಂಥದೊಂದರಲ್ಲಿ ಇದ್ದಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ನರಸೀಪುರದಲ್ಲಿ ಚಿನ್ನಮ್ಮ ಗಂಡನಿಗೆ ಮುದ್ದೆ ಬಡಿಸುತ್ತಿದ್ದಾಗ ಬೀದಿಯಲ್ಲಿ ಅಳು ಕೇಳಿಸಿತು. ಶಿವನಂಜಮ್ಮ ಗಾಡಿಯಿಂದ ಇಳಿದು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು. ಹಿಂದೆ ಹೆಮ್ಮರಗಾಲದ ನಾಲ್ಕಾರು ಹೆಂಗಸರೂ ದುಃಖಕ್ಕೆ ಜೊತೆಯಾಗಿ ಬಂದಿದ್ದರು. ಮಾದು ಎಂಜಲುಗೈಯಲ್ಲೇ ಎದ್ದು ಬಾಗಿಲಿಗೆ ಬಂದ. ಹೆಂಗಸರು ಅವನನ್ನು ನೋಡಿ ಮತ್ತೆ ಗಾಡಿ ಹತ್ತಿದರು. ಶಿವನಂಜಮ್ಮ ಮಾತ್ರ ನಿಂತಲ್ಲೇ ನಿಂತಳು.

"ಅಳಿಮಯ್ಯ, ನಿನ್ ಎದೆಗೆ ಕತ್ತಿ ಒಕ್ಕುದ್ದ ನನ್ ಕಣ್ಣಾರೆ ನೋಡಿವ್ನಿ" ಎಂದಳು.

"ಅದು ಬಿದಿರು ಕಣತ್ತೆ. ಕಂಕುಳಿಗೆ ತಿವುದ್ರು."

"ಬಿದುರೋ ಕಬ್ಣವೋ, ನೀ ಬಿದ್ದೋಗಿ ಮಿಸುಕ್ನಿಲ್ವಲ್ಲ."

ನಿದ್ದೆ ಬಂದುಬಿಟ್ಟಿತ್ತು ಎಂದು ಮಾದು ಹೇಳಿದ. ಅತ್ತೆ ನಂಬಲಿಲ್ಲ. ಬಂದವಳು ಊಟ ಮಾಡಿದಳು, ಮಗಳ ತಲೆ ಬಾಚಿದಳು, ಆದರೆ ಅಳಿಯನಿಂದ ದೂರವೇ ಕುಳಿತಳು. ಹೊರಡುವಾಗ ಚಿನ್ನಮ್ಮನನ್ನು ಮೂಲೆಗೆ ಕರೆದು, ಇವನ ನೆರಳು ನೆಲಕ್ಕೆ ಬೀಳುತ್ತದೆಯೋ ಇಲ್ಲವೋ ಬಿಸಿಲಲ್ಲಿ ನಿಲ್ಲಿಸಿ ನೋಡು ಎಂದು ಹೇಳಿಹೋದಳು. ಚಿನ್ನಮ್ಮ ನಕ್ಕಳು. ಆದರೂ ಮರುದಿನ ಗಂಡ ಅಂಗಳಕ್ಕೆ ಇಳಿದಾಗ ಒಮ್ಮೆ ನೆಲ ನೋಡಿದಳಂತೆ.

ಕೆಲವು ವಾರಗಳಲ್ಲಿ ಡೇರೆ ನರಸೀಪುರಕ್ಕೇ ಬಂತು. ಊರು ಊರೇ ನೋಡಿತು. ಅದರ ಮಾರನೆಯ ಬೆಳಿಗ್ಗೆ ಚಿಕ್ಕಮಾದು ಎಂದಿನಂತೆ ದಂಡೆಯಲ್ಲಿ ನಿಂತು ಬಾಯಿ ತೆರೆದು ಕೂಗಿದ. ಆ ಬಾಯಿ ಕಂಡದ್ದೇ, ಮಾತು ಕಿವಿಗೆ ಬೀಳುವ ಮೊದಲೇ, ಮೆಟ್ಟಿಲ ಮೇಲಿದ್ದ ಮಕ್ಕಳು ಪುಸ್ತಕ ಬಿಸುಟು ಓಡಿದರು. ಒಬ್ಬ ಪುರೋಹಿತರು ಒದ್ದೆ ಪಂಚೆಯಲ್ಲೇ ಅರ್ಧ ಮುಳುಗಿ ನಿಂತರು. ಅವರೆಲ್ಲ ಇಷ್ಟು ವರ್ಷ ಅವನ ಹರಿಗೋಲಿನಲ್ಲಿ ಕೂತವರೇ, ಅದೇ ಮುಖ ನೋಡಿದವರೇ. ಆದರೆ ಅದನ್ನು ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ಓದುಬರಹ ಬಲ್ಲವರು, ನಮಗೇನೂ ಭಯವಿಲ್ಲ, ಮನೆಯ ಹೆಂಗಸರು ಒಪ್ಪುವುದಿಲ್ಲ ಎಂದರು. ಹೆಂಗಸರು, ನಮಗೇನು, ಮಕ್ಕಳು ಬೆಚ್ಚುತ್ತಾರೆ ಎಂದರು. ಅಂತೂ ಎಲ್ಲರೂ ಸುತ್ತು ಹಾಕಿಕೊಂಡು ಹೊಳೆ ದಾಟುವ ಬೇರೆ ಕಡವಿಗೆ ಹೋಗತೊಡಗಿದರು. ಮಾದು ಹರಿಗೋಲನ್ನು ದಂಡೆಗೆಳೆದು ಮಗುಚಿ ಹಾಕಿದ.

ಅವನು ಆ ಮಗುಚಿದ ಹರಿಗೋಲಿನ ಮೇಲೆ ಕುಳಿತಿದ್ದಾಗ ಹುಡುಕಿಕೊಂಡು ಬಂದವರು ದೊಡ್ಡಸಿದ್ದಯ್ಯ ಮೇಷ್ಟ್ರು.

ಮೇಷ್ಟ್ರಿಗೆ ಚಿತ್ರ ನೋಡಿ ಮೊದಲು ಬಹಳ ಸಿಟ್ಟು ಬಂದಿತ್ತು. ತಮ್ಮ ರಾಕ್ಷಸನನ್ನು ಕೊಂದರಲ್ಲ ಎಂದು ಬೆಂಚಿನಿಂದ ಅರ್ಧ ಎದ್ದಿದ್ದರು. ಅಷ್ಟರಲ್ಲಿ ತೆರೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅವರ ಹೆಸರು ಬಂತು. ಅವರು ಕುಳಿತುಕೊಂಡರು. ಅದಾದ ಮೇಲೆ ಯಾರಾದರೂ ಕೇಳಿದರೆ, ಕಲೆಯ ಮಾಧ್ಯಮ ಬೇರೆಯಾದಾಗ ಕೊಂಚ ವ್ಯತ್ಯಾಸ ಅನಿವಾರ್ಯ ಎನ್ನುತ್ತಿದ್ದರು. ಈಗ ಅವರನ್ನು ಕಾಡುತ್ತಿದ್ದುದು ಬೇರೆ. ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಸಲ ಬಂದಾಗ, ಪಾಠಶಾಲೆಯ ಗದ್ದಲ ತಾಲ್ಲೂಕು ಕಛೇರಿಯವರೆಗೆ ಕೇಳುತ್ತದೆ, ಹೀಗೇ ಆದರೆ ಶಾಲೆಯ ದರ್ಜೆ ಇಳಿಸಬೇಕಾಗುತ್ತದೆ ಎಂದು ಹೇಳಿಹೋಗಿದ್ದರು. ಮೇಷ್ಟ್ರು ಬೆತ್ತ ಬದಲಾಯಿಸಿದ್ದರು, ಉಪಾಧ್ಯಾಯರನ್ನು ಬದಲಾಯಿಸಿದ್ದರು, ಗದ್ದಲ ಬದಲಾಗಿರಲಿಲ್ಲ. ಜವಾನನ ಜಾಗ ಖಾಲಿಯಿದೆ, ಬಂದು ಬಾಗಿಲಲ್ಲಿ ನಿಂತರೆ ಸಾಕು, ಏನೂ ಮಾಡಬೇಕಾದ್ದಿಲ್ಲ ಎಂದು ಮಾದುವಿಗೆ ಹೇಳಿದರು. ಸರ್ಕಾರದ ಕೆಲಸ ಎಂದು ಚಿನ್ನಮ್ಮನೂ ಒಪ್ಪಿದಳು.

ಅವನು ಬಾಗಿಲಲ್ಲಿ ನಿಂತ ದಿನ ಪಾಠಶಾಲೆಯಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಉಪಾಧ್ಯಾಯರೂ ಮೆತ್ತಗೆ ಮಾತಾಡಿದರು. ಚಕ್ಕರ್ ಹೊಡೆಯುತ್ತಿದ್ದ ಮಕ್ಕಳು ಗಂಟೆಗೆ ಮೊದಲೇ ಬಂದರು, ಬರದಿದ್ದರೆ ಜವಾನ ಮನೆಗೇ ಬರುತ್ತಾನೆ ಎಂದು ಸುದ್ದಿಯಿತ್ತು. ಊರಿನ ಹಿರಿಯರು ಮೇಷ್ಟ್ರ ಆಡಳಿತವನ್ನು ಮೆಚ್ಚಿಕೊಂಡರು. ತಾಯಂದಿರು ಊಟ ಮಾಡದ ಕೂಸುಗಳಿಗೆ ಕಿಟಕಿಯಿಂದ ಚಿಕ್ಕಮಾದುವನ್ನು ತೋರಿಸಿದರು.

ಈ ಭಯವನ್ನು ಕಾಪಾಡುವುದಕ್ಕಾಗಿ ಮೇಷ್ಟ್ರು ಮಾದುವಿಗೆ ಕೆಲವು ನಿಯಮ ಹಾಕಿದರು. ಮಕ್ಕಳ ಮುಂದೆ ನಗಕೂಡದು. ಮಾತಾಡಕೂಡದು. ಊಟ ಮಾಡುವುದನ್ನು ಯಾರೂ ನೋಡಬಾರದು, ರಾಗಿಮುದ್ದೆ ಮುರಿಯುವವನನ್ನು ಕಂಡರೆ ಯಾರು ಹೆದರುತ್ತಾರೆ? ಹೀಗೆ ಅವನು ಹಿತ್ತಲಿನ ಹುಣಿಸೆಮರದ ಮರೆಯಲ್ಲಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಒಮ್ಮೆ ಒಂದು ಹುಡುಗಿ ಜಗುಲಿಯಲ್ಲಿ ಎಡವಿ ಬಿದ್ದಳು. ಎತ್ತಲು ಹೋದವನನ್ನು ನೋಡಿ ಅವಳು ಬಿದ್ದದ್ದಕ್ಕಿಂತ ಹೆಚ್ಚು ಕಿರುಚಿಕೊಂಡಳು. ಆ ಹುಡುಗಿಯನ್ನು ಅವನು ಎರಡು ಮಳೆಗಾಲ ಹೊಳೆ ದಾಟಿಸಿದ್ದ. ಅಂದು ಮನೆಗೆ ಬಂದು ಚಾಪೆಯ ಮೇಲೆ ಸುಮ್ಮನೆ ಕುಳಿತ. ಮನೆಯಲ್ಲೂ ಮಾತು ನಿಂತುಹೋಗಿತ್ತು.

"ಇದ್ಯಾಕೆ ಇಂಗಾದ್ರಿ? ಅಲ್ಲಿ ಬಾಯ್ಮುಚ್ಕೊಂಡಿರಿ ಅಂದವ್ರೆ. ಇಲ್ಲೂವೆ ಅಂದವ್ರಾ?" ಎಂದು ಚಿನ್ನಮ್ಮ ಕೇಳಿದಳು.

ಅವಳು ಸರ್ಕಾರದ ಕೆಲಸದ ಮೇಲಿನ ಗೌರವವನ್ನು ಅಂದಿಗೆ ಬಿಟ್ಟಳು.

ಇನ್‌ಸ್ಪೆಕ್ಟರು ಬರುವ ಸುದ್ದಿ ತಿಳಿದು ಮೇಷ್ಟ್ರು ಮೂರನೆಯ ತರಗತಿಗೆ ತಮ್ಮ ಪುಸ್ತಕವನ್ನು ಮತ್ತೆ ಓದಿಸತೊಡಗಿದರು. ಮಾದು ಬಾಗಿಲಲ್ಲಿ ನಿಂತು ಕೇಳಿದ. ಮೊದಮೊದಲು ಅದು ಯಾರ ಕಥೆಯೆಂದು ಅವನಿಗೆ ಹೊಳೆಯಲಿಲ್ಲ. ಮರಳುಗುಡ್ಡ ಬಂತು, ಅಬ್ಬರ ಬಂತು, ಆಡು ಬಂತು. ಆಮೇಲೆ ಕಣ್ಣಿಗೆ ಮರಳು ಬಿದ್ದದ್ದು ಬಂತು. ರಾಜಕುಮಾರ ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಕಾದ. ಬರಲಿಲ್ಲ. ಪಾಠ ಮುಗಿದು ಮಕ್ಕಳು ಹೋದ ಮೇಲೆ ಅವನು ಮೇಷ್ಟ್ರ ಮೇಜಿನ ಹತ್ತಿರ ಬಂದು ನಿಂತ.

"ಮೇಷ್ಟ್ರೇ, ಪುಸ್ತಕದಾಗೆ ಅವ್ನು ಸಾಯಾಕಿಲ್ವಾ?"

"ಇಲ್ಲ. ನಾನು ಬರೆದದ್ದರಲ್ಲಿ ಸಾಯೋದಿಲ್ಲ."

"ಮಕ್ಳ ಒಳೆ ದಾಟುಸ್ಕಂಡು ಇದ್ದುಬುಡ್ತನಾ?"

"ಹೌದು, ದಿನಾ ದಾಟಿಸ್ತಾನೆ."

"ನಾ ಮಾಡ್ತಿದ್ದುದೂ ಅದೇಯ ಅಲ್ವಾ ಸಾ" ಎಂದ ಮಾದು.

ದೊಡ್ಡಸಿದ್ದಯ್ಯನವರು ಪುಸ್ತಕ ಮುಚ್ಚಿಟ್ಟರು. ಕನ್ನಡಕ ಒರೆಸಿಕೊಂಡರು. ಕಥೆಯ ಮಾತು ಬೇರೆ, ಶಾಲೆ ನಡೆಸುವುದು ಬೇರೆ ಕಣಯ್ಯ, ಸಾಹೇಬರು ಬಂದುಹೋಗಲಿ ಆಮೇಲೆ ನೋಡೋಣ ಎಂದರು. ಅಂದು ಅವರಿಗೂ ಊಟ ಸೇರಲಿಲ್ಲ ಎಂದು ಅವರ ಮನೆಯವರು ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಎಂದಿನಂತೆ ಮಾದುವನ್ನು ಬಾಗಿಲಲ್ಲಿ ನಿಲ್ಲಿಸಿದರು.

ಇನ್‌ಸ್ಪೆಕ್ಟರ್ ಸಾಹೇಬರು ಜಟಕಾದಿಂದ ಇಳಿದವರು ಪಾಠಶಾಲೆಯ ನಿಶ್ಶಬ್ದವನ್ನು ಕೇಳಿ, ಇವತ್ತು ರಜೆಯೋ ಎಂದು ವಿಚಾರಿಸಿದರು. ಒಳಗೆ ಮಕ್ಕಳು ಗೊಂಬೆಗಳಂತೆ ಕುಳಿತಿದ್ದುದನ್ನು ಕಂಡು ಅವರ ಮುಖ ಅರಳಿತು. ಮೂರನೆಯ ತರಗತಿಯಲ್ಲಿ ಪುಸ್ತಕ ಕೈಗೆತ್ತಿಕೊಂಡು, ಕೊನೆಯಲ್ಲಿ ರಾಕ್ಷಸ ಏನಾದ ಎಂದು ಕೇಳಿದರು. ತರಗತಿಯೆಲ್ಲ ಒಂದೇ ಬಾಯಿಂದ, "ಸತ್ತೋದ ಸಾ" ಎಂದಿತು. ಹಿಂದಿನ ದಿನ ತಾನೇ ಆ ಮಕ್ಕಳು ಆ ಪುಸ್ತಕವನ್ನು ಗಟ್ಟಿಯಾಗಿ ಓದಿದ್ದರು.

ಮೇಷ್ಟ್ರು ತಿದ್ದಲು ಬಾಯಿ ತೆರೆದರು.

"ಭೇಷ್" ಎಂದರು ಸಾಹೇಬರು. ಅವರು ಮೈಸೂರಿನಲ್ಲಿ ಸಂಸಾರ ಸಮೇತ ಚಿತ್ರ ನೋಡಿದ್ದರು. ದುಷ್ಟರಿಗೆ ಶಿಕ್ಷೆಯಾಗುವ ಇಂಥ ನೀತಿ ಎಳೆಯ ಮನಸ್ಸಿಗೆ ಬಹಳ ಅಗತ್ಯ ಎಂದು ಮೆಚ್ಚಿಕೊಂಡು, ಪುಸ್ತಕದಲ್ಲೂ ಹೀಗೇ ಇದೆ ತಾನೆ ಎಂದು ಬರೆದವರನ್ನೇ ಕೇಳಿದರು.

ದೊಡ್ಡಸಿದ್ದಯ್ಯನವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಸಾಹೇಬರ ಕಡೆ ನೋಡಿದರು. "ಹೊಸ ಮುದ್ರಣದಲ್ಲಿ ಹಾಗೇ ಬರುತ್ತೆ ಸ್ವಾಮಿ" ಎಂದರು.

ಹಾಗೆ ಬಂದರೆ ಜಿಲ್ಲೆಯ ಎಲ್ಲ ಪಾಠಶಾಲೆಗಳಿಗೂ ಶಿಫಾರಸು ಮಾಡುತ್ತೇನೆ ಎಂದು ಸಾಹೇಬರು ಹೇಳಿದರು. ಹೊರಡಲು ತಿರುಗಿದಾಗ ಬಾಗಿಲಲ್ಲಿ ನಿಂತಿದ್ದವನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಯಾರೆಂದು ಗುರುತು ಸಿಕ್ಕಿದ ಮೇಲೆ ಮಕ್ಕಳಂತೆ ಹಿಗ್ಗಿದರು. ನೀನೇ ಏನಯ್ಯ ಅವನು, ಎಲ್ಲಿ, ಒಮ್ಮೆ ಅಬ್ಬರಿಸು ನೋಡೋಣ ಎಂದರು. ಮಾದು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು, ಅಬ್ಬರಿಸು ಎಂದು ಸನ್ನೆ ಮಾಡಿದರು.

ಚಿಕ್ಕಮಾದು ಕೈಯೆತ್ತಿದ. ಮಕ್ಕಳು ತೆರೆಯ ಮೇಲೆ ನೋಡಿದ್ದಂತೆಯೇ ಬಾಯಿ ಅಗಲವಾಯಿತು, ಹುಬ್ಬು ಗಂಟಾಯಿತು. ಮುಂದಿನ ಸಾಲಿನವರು ಬೆಂಚಿನ ಕೆಳಗೆ ನುಗ್ಗಿದರು.

"ಅರಿಗೋಲು ಓಯ್ತದೆ, ಬರೋರು ಬನ್ನಿ" ಎಂದು ಕೂಗಿದ.

ಹಲಗೆಗಳು ಅದುರಿದವು. ಬೆಂಚಿನ ಕೆಳಗಿದ್ದ ಮಕ್ಕಳು ಆ ಬಾಯನ್ನೂ ಆ ಮಾತನ್ನೂ ಕೂಡಿಸಿ ನೋಡುತ್ತ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಒಬ್ಬಳು ಕಿಸಕ್ಕೆಂದಳು. ಅದು ಬೆಂಚಿನಿಂದ ಬೆಂಚಿಗೆ ಹಬ್ಬಿ, ಪಾಠಶಾಲೆಯಲ್ಲಿ ಹಿಂದೆಂದೂ ಇಲ್ಲದ ಗದ್ದಲವಾಯಿತು. ಸಾಹೇಬರು ಏನಂದ, ಏನಂದ ಎಂದು ಕೇಳುತ್ತಿದ್ದರು. ಮಾದು ಸೊಂಟಕ್ಕೆ ಕಟ್ಟಿದ್ದ ಜವಾನನ ಪಟ್ಟಿಯನ್ನು ಬಿಚ್ಚಿ ಮೇಷ್ಟ್ರ ಮೇಜಿನ ಮೇಲಿಟ್ಟ, ಬಗ್ಗಿ ಬಾಗಿಲು ದಾಟಿದ, ನೇರ ಹೊಳೆಯ ಕಡೆ ನಡೆದ.

ಹರಿಗೋಲಿನ ತೊಗಲು ಬಿಸಿಲಿಗೆ ಬಿರಿದಿತ್ತು. ಗಂಡ ಹೆಂಡತಿ ಕೂಡಿ ಹೊಸ ತೊಗಲು ಹೊದಿಸಿದರು. ಮೊದಲು ಬಂದವರು ಮಕ್ಕಳು. ಅವನು ಕೂಗುವ ಮೊದಲೇ ದಂಡೆಯಲ್ಲಿ ಸಾಲಾಗಿ ನಿಂತು, ಕೋರೆಹಲ್ಲು ತೋರಿಸಿದಂತೆ ಬಾಯಿ ಮಾಡಿ, ಅರಿಗೋಲು ಓಯ್ತದೆ ಎಂದು ಅವರೇ ಕೂಗುತ್ತಿದ್ದರು. ಮಕ್ಕಳು ಕೂತ ಮೇಲೆ ತಾಯಂದಿರು ಕೂತರು. ಓದುಬರಹ ಬಲ್ಲವರು ಎಲ್ಲರಿಗಿಂತ ಕೊನೆಗೆ ಬಂದು, ನಾವು ಮೊದಲೇ ಹೇಳಿದ್ದೆವಲ್ಲ ಎಂದರು. ಶಿವನಂಜಮ್ಮ ಮಾತ್ರ ಬದುಕಿರುವವರೆಗೂ ಅಳಿಯನ ಹರಿಗೋಲು ಹತ್ತಲಿಲ್ಲ.

'ಮರಳುಗುಡ್ಡದ ರಾಕ್ಷಸ'ದ ಹೊಸ ಮುದ್ರಣ ಬಂತು. ಅದರಲ್ಲಿ ರಾಜಕುಮಾರನಿದ್ದ, ಕತ್ತಿಯಿತ್ತು, ಮದುವೆಯಿತ್ತು. ಜಿಲ್ಲೆಯ ಮಕ್ಕಳೆಲ್ಲ ಅದನ್ನೇ ಓದಿದರು. ಹಳೆಯ ಪ್ರತಿಗಳು ಸಂಬಾರದ ಅಂಗಡಿಗಳಲ್ಲಿ ಪೊಟ್ಟಣವಾಗಿ ಮುಗಿದವು. ಹರಿಗೋಲಿನಲ್ಲಿ ಯಾರಾದರೂ ಕೇಳಿದರೆ ಚಿಕ್ಕಮಾದು, ಪುಸ್ತಕದಾಗೆ ಅವ್ನು ಸಾಯಾಕಿಲ್ಲ, ಕಣ್ಗೆ ಮಳ್ಳು ಬಿದ್ದಿರ್ತದೆ ಅಷ್ಟೇಯ ಎನ್ನುತ್ತಿದ್ದ. ಓದಲು ಬಾರದವನು ಪುಸ್ತಕದ ಮಾತಾಡುತ್ತಾನಲ್ಲ ಎಂದು ಓದಿದವರು ನಗುತ್ತಿದ್ದರು. ಮೇಷ್ಟ್ರು ದಾಟುವಾಗ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವರು ನೀರು ನೋಡುತ್ತ ಕೂರುತ್ತಿದ್ದರು, ಅವನು ಹುಟ್ಟು ಹಾಕುತ್ತಿದ್ದ.

ಕೆಲವು ವರ್ಷಗಳ ಮೇಲೆ ಬಸವಯ್ಯನವರು ಇನ್ನೊಂದು ಕಂಪನಿಯವರನ್ನು ಕರೆದುಕೊಂಡು ಹೊಳೆದಂಡೆಗೆ ಬಂದರು. ಈ ಸಲ ಮಕ್ಕಳಿಗೆ ಬಹಳ ಇಷ್ಟವಾಗುವ ಒಂದು ದೊಡ್ಡ ಕರಡಿಯ ಕಥೆ. ಕರಡಿ ತುಂಬ ಸಾಧು ಎಂದರು. ಮಾದುವೇ ಆಗಬೇಕು ಎಂದರು. ಅವನು ಅವರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೊರಟ. ನಡುಹೊಳೆಗೆ ಬಂದಾಗ ಹುಟ್ಟನ್ನು ಮೇಲಕ್ಕೆತ್ತಿ ಮಡಿಲಲ್ಲಿಟ್ಟುಕೊಂಡ.

"ಕತೆ ಪೂರ್ತಿ ಏಳಿ ಬುದ್ಧಿ. ಕಡೀಗೆ ಕರಡಿ ಏನಾಯ್ತದೆ?"

ಬಸವಯ್ಯನವರು ಕಂಪನಿಯವರ ಮುಖ ನೋಡಿದರು. ಕಂಪನಿಯವರು ಬಸವಯ್ಯನವರ ಮುಖ ನೋಡಿದರು. ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು.

"ಅದು ಇನ್ನೂ ಗೊತ್ತಾಗಿಲ್ಲ ಕಣಯ್ಯ. ಸಂಸಾರಸ್ಥರು ಏನಂತಾರೋ ನೋಡ್ಕೊಂಡು ಮಾಡ್ತೀವಿ" ಎಂದರು ಬಸವಯ್ಯನವರು.

ಚಿಕ್ಕಮಾದು ತಲೆಯಾಡಿಸಿದ. ಹುಟ್ಟು ನೀರಿಗಿಳಿಸಿ, ಅವರನ್ನು ಹತ್ತಿಸಿಕೊಂಡ ದಡಕ್ಕೇ ತಂದು ಮರ್ಯಾದೆಯಿಂದ ಇಳಿಸಿದ. ಕಂಪನಿಯವರು ಮೈಸೂರಿಗೆ ಹೋಗಿ ಗರಡಿಯ ಒಬ್ಬನನ್ನು ಹಿಡಿದರಂತೆ. ಆ ಕರಡಿ ಕೊನೆಗೆ ಏನಾಯಿತೋ ಮಾದುವಿಗೆ ಗೊತ್ತಾಗಲಿಲ್ಲ. ಡೇರೆ ಊರಿಗೆ ಬಂದಾಗ ಹೊಳೆ ತುಂಬಿತ್ತು, ಅವನಿಗೆ ಬಿಡುವಿರಲಿಲ್ಲ.